ನಾಮಪದ ಜೊತೆಗಿದ್ದರೆ ಅರ್ಥ

ಬೋಧನಾಭ್ಯಾಸಕ್ಕೆಂದು ತೆರಕಣಾಂಬಿಯ ಶಾಲೆಗೆ ಹೋದಾಗ ಒಂಬತ್ತನೇ ತರಗತಿಯಲ್ಲಿ ನನ್ನ ಪಾಲಿಗೆ ಬಂದ ವ್ಯಾಕರಣಾಂಶ ಫ್ರೇಸಲ್ ವರ್ಬ್. ಮಕ್ಕಳ ನೋಟ್‌ಬುಕ್ಕಿನಲ್ಲಿ ಆಗಲೇ ಒಂದು ಪಟ್ಟಿ ಇತ್ತು. ಎಡಕ್ಕೆ ‘ಪುಟ್ ಆಫ್’, ಬಲಕ್ಕೆ ‘ಮುಂದೂಡು’. ತಡವರಿಸದೆ ಒಪ್ಪಿಸುತ್ತಿದ್ದರು. ‘ಪುಟ್ ಆಫ್ ದ ಲೈಟ್’ ಎಂದು ಹಲಗೆಯ ಮೇಲೆ ಬರೆದು ಅರ್ಥ ಕೇಳಿದೆ. “ದೀಪ ಮುಂದೂಡು” ಎಂದರು. ಪಟ್ಟಿಯ ಪ್ರಕಾರ ಅವರ ಉತ್ತರ ಸರಿಯೇ.

ದೀಪ ಆರಿಸು ಎಂದರ್ಥ ಎಂದಾಗ ಹಿಂದಿನ ಬೆಂಚಿನ ಹುಡುಗ, “ಒಂದೇ ಪದಕ್ಕೆ ಎಲ್ಡು ಅರ್ಥ ಇದ್ರೆ ಹೆಂಗ್ ಕಲಿಯದು ಸಾ? ನಮ್ಗೆ ಇಂಗ್ಲಿಷ್ ಬರಲ್ಲ ಬುಡಿ” ಎಂದ. ಆ ಕೊನೆಯ ಮಾತಿಗೆ ಉತ್ತರ ಕೊಡದೆ ಪಾಠ ಮುಂದುವರಿಸುವಂತಿರಲಿಲ್ಲ.

ಕನ್ನಡಕ್ಕೆ ಬಂದೆ. ‘ಬಾಗಿಲು ಹಾಕು’ ಅಂದರೆ ಮುಚ್ಚು. ‘ಲೈಟ್ ಹಾಕು’ ಅಂದರೆ ಉರಿಸು. ‘ಬಟ್ಟೆ ಹಾಕು’ ಅಂದರೆ ತೊಡು. ‘ತೆಗೆ’ಯೂ ಹಾಗೆಯೇ: ಬಾಗಿಲು ತೆಗೆ, ಬಟ್ಟೆ ತೆಗೆ, ಫೋಟೊ ತೆಗೆ. ‘ಕೈ ಕೊಡು’ ಎಂದಾಗ ಅದೇ ಹುಡುಗ, “ಟೊಮೆಟೊ ರೇಟು ಕೈ ಕೊಡ್ತು ಅಂದ್ರೆ ಮೋಸ ಆಯ್ತು ಅಂತ ಸಾ” ಎಂದ. ತರಕಾರಿ ಬೆಳೆಯುವ ಮನೆಯ ಮಗು ಅದನ್ನು ಯಾವ ಪಟ್ಟಿಯಿಂದಲೂ ಕಲಿತಿರಲಿಲ್ಲ. ಮನೆಮಾತನ್ನು ಕಲಿಕೆಯ ಸಂಪನ್ಮೂಲವೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುವುದರ ಅರ್ಥ ನನಗೆ ಸ್ಪಷ್ಟವಾದದ್ದು ಆಗ.

ನಂತರ ಪಟ್ಟಿಯನ್ನು ನಾಮಪದಗಳೊಡನೆ ಹೊಸದಾಗಿ ಬರೆದೆವು. ಪುಟ್ ಆಫ್: ದೀಪವಾದರೆ ಆರಿಸು, ಸಭೆ-ಮದುವೆಯಾದರೆ ಮುಂದೂಡು. ಪುಟ್ ಆನ್: ಅಂಗಿಯಾದರೆ ತೊಡು, ದೀಪವಾದರೆ ಉರಿಸು, ತೂಕವಾದರೆ ದಪ್ಪಗಾಗು. ಟೇಕ್ ಆಫ್: ಚಪ್ಪಲಿಯಾದರೆ ಬಿಡು, ವಿಮಾನವೇ ಕರ್ತೃವಾದರೆ ನೆಲಬಿಟ್ಟು ಏರು. ‘ಡಿಗ್ ಅಪ್’ಗೆ ನಾಮಪದ ಕೇಳಿದರೆ ಹಲವರು ಒಟ್ಟಿಗೆ “ಅರಿಶಿನ” ಎಂದರು.

ಪದಗಳ ಸ್ಥಾನಕ್ಕೆ ಮಿಂಚುಪಟ್ಟಿ ಬಳಸಿದೆ. ‘ಪುಟ್’, ‘ಆಫ್’, ‘ದ ಲೈಟ್’ ಹಿಡಿದ ಮೂವರು ಮುಂದೆ ನಿಂತರು. ‘ದ ಲೈಟ್’ ಕೊನೆಯಲ್ಲಿ ನಿಂತರೂ ಸರಿ, ನಡುವೆ ನಿಂತರೂ ಸರಿ. ಸರ್ವನಾಮ ‘ಇಟ್’ ಬಂದರೆ ನಡುವೆಯೇ ನಿಲ್ಲಬೇಕು: ‘ಪುಟ್ ಇಟ್ ಆಫ್’. ‘ಲುಕ್ ಆಫ್ಟರ್’ ಮಾತ್ರ ಬಿಡಿಸಲಾಗದ ಜೋಡಿ. ಅಲ್ಲಿ ‘ಇಟ್’ ಕೊನೆಗೇ ಹೋಗಬೇಕು.

ಕನ್ನಡದ ಹೋಲಿಕೆಗೂ ಮಿತಿಯುಂಟು. ‘ಆಫ್’, ‘ಆನ್’ಗಳಂಥ ಪದಗಳು ಕ್ರಿಯಾಪದದ ಬೆನ್ನಿಗೆ ನಿಂತು ಅರ್ಥ ಬದಲಿಸುವ ಕ್ರಮ ನಮ್ಮಲ್ಲಿಲ್ಲ. ‘ಲೈಟ್ ತೆಗೆ’ಯನ್ನು ಪದಕ್ಕೆ ಪದವಿಟ್ಟು ‘ಓಪನ್ ದ ಲೈಟ್’ ಎನ್ನುವ ಅಪಾಯವೂ ಇದೆ. ಅರ್ಥ ಕ್ರಿಯಾಪದವೊಂದರಲ್ಲೇ ಇರುವುದಿಲ್ಲ ಎಂಬುದನ್ನು ಮನಗಾಣಿಸುವಷ್ಟಕ್ಕೆ ಕನ್ನಡ ಸಾಕು. ಮುಂದಿನದನ್ನು ಇಂಗ್ಲಿಷ್ ವಾಕ್ಯಗಳಲ್ಲೇ ಅಭ್ಯಾಸ ಮಾಡಿಸಬೇಕು.

ಮುಂದೆ ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೆ: ಪಟ್ಟಿ ಕೊಡುವುದಾದರೆ ಪ್ರತಿ ಸಾಲಿನಲ್ಲೂ ಒಂದು ನಾಮಪದವಿರಲಿ. ಅದನ್ನು ಮಕ್ಕಳಿಂದಲೇ ಕೇಳಿ ಬರೆಯಿರಿ.