ಅಜ್ಜನ ಅಕ್ಕಿಚೀಲ

ಮನೆಯನ್ನೇ ಕಾರಿಗೆ ಕಟ್ಟಿಕೊಂಡು ಪ್ರವಾಸ ಹೋಗುವವರನ್ನು ನೋಡಿದ್ದೀರಾ ಮಕ್ಕಳೇ? ನಾನು ಮತ್ತು ಅಜ್ಜಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಹಾಗೊಂದು ಪ್ರವಾಸ ಮಾಡಿದೆವು. ಆ ಮನೆಗೆ ಕ್ಯಾರವಾನ್ ಎಂದು ಹೆಸರು. ಒಳಗೆ ಮಂಚ, ಒಲೆ, ಪುಟ್ಟ ಬಚ್ಚಲು ಎಲ್ಲ ಇವೆ. ಎಂಜಿನ್ ಮಾತ್ರ ಇಲ್ಲ. ನಮ್ಮದಕ್ಕೆ ಇದ್ದದ್ದು ಎರಡೇ ಚಕ್ರ. ಕಾರಿನ ಹಿಂಭಾಗದಲ್ಲಿರುವ ಕಬ್ಬಿಣದ ಗುಂಡೊಂದಕ್ಕೆ ಅದರ ಮೂತಿಯನ್ನು ಸಿಕ್ಕಿಸಿ ಎಳೆದುಕೊಂಡು ಹೋಗಬೇಕು. ನಾವು ಹೊರಟದ್ದು ಸುಮಾರು 200 ಕಿ.ಮೀ. ದೂರದ ಸ್ಕಾರ್ಬರೋ ಎಂಬ ಕಡಲ ತೀರದ ಊರಿಗೆ.

ಹಿಂದಿನ ಸಂಜೆ ಹತ್ತು ವರ್ಷದ ನನ್ನ ಮೊಮ್ಮಗಳು ಪುಟ್ಟಿ ಒಂದು ಪಟ್ಟಿ ಹಿಡಿದು ಅಪ್ಪನ ಹಿಂದೆಯೇ ಓಡಾಡಿದಳು. ಟೈರಿಗೆ ಗಾಳಿ ಸರಿಯಿದೆಯೇ? ಕಾರಿನ ಬ್ರೇಕ್ ಒತ್ತಿದರೆ ಕ್ಯಾರವಾನಿನ ಹಿಂದೀಪವೂ ಉರಿಯುತ್ತದೆಯೇ? ಹಿಂದಿನ ವಾಹನ ಕಾಣಲು ಉದ್ದನೆಯ ಕನ್ನಡಿ ಹಾಕಿದೆಯೇ? ಸಣ್ಣ ಉಕ್ಕಿನ ತಂತಿ ಬಿಗಿದಿದೆಯೇ? ಕೊಂಡಿ ಅಕಸ್ಮಾತ್ ಕಳಚಿದರೆ ಈ ತಂತಿಯೇ ಕ್ಯಾರವಾನಿನ ಬ್ರೇಕನ್ನು ಎಳೆದು ಅದನ್ನು ನಿಲ್ಲಿಸುತ್ತದಂತೆ. ಕೊನೆಯದು ಮೂತಿಯ ಭಾರ. ಕ್ಯಾರವಾನಿನ ಒಟ್ಟು ತೂಕದಲ್ಲಿ ನೂರಕ್ಕೆ 5ರಿಂದ 7 ಪಾಲು ಕಾರಿನ ಗುಂಡಿನ ಮೇಲೆ ಕೂರಬೇಕು ಎಂಬುದು ಅಲ್ಲಿಯ ಲೆಕ್ಕ. ನಮ್ಮದರ ತೂಕ 1,300 ಕಿಲೋ. ಮಗ ಅಳತೆಯ ಕೋಲನ್ನು ಮೂತಿಯ ಕೆಳಗಿಟ್ಟ. ಪುಟ್ಟಿ ಬಗ್ಗಿ ನೋಡಿ "80 ಕಿಲೋ" ಎಂದು ಬರೆದುಕೊಂಡಳು.

ಆಮೇಲೆ ನಾನೊಂದು ಕೆಲಸ ಮಾಡಿದೆ. "ಅಕ್ಕಿ ಅಲ್ಲೇ ಸಿಗುತ್ತದೆ, ಬೇಡ" ಎಂದು ಮಗ ಹೇಳಿದ್ದ. ನನಗೋ, ಪರವೂರಿಗೆ ಹೊರಟಾಗ ಅಕ್ಕಿ ಕಟ್ಟಿಕೊಳ್ಳದಿದ್ದರೆ ಸಮಾಧಾನವಿಲ್ಲ. ಎಲ್ಲರೂ ಮಲಗಿದ ಮೇಲೆ 10 ಕಿಲೋದ ಎರಡು ಅಕ್ಕಿಚೀಲ ಮತ್ತು ಅಜ್ಜಿಯ ಇಡ್ಲಿ ಗ್ರೈಂಡರನ್ನು ಹೊತ್ತುಕೊಂಡು ಹೋಗಿ, ಯಾರಿಗೂ ಕಾಣದಂತೆ ಕ್ಯಾರವಾನಿನ ಹಿಂಬದಿಯ ಮಂಚದ ಕೆಳಗೆ ತುರುಕಿದೆ.

ಬೆಳಿಗ್ಗೆ ಹೊರಟೆವು. ಚಲಿಸುವಾಗ ಕ್ಯಾರವಾನಿನೊಳಗೆ ಯಾರೂ ಕೂರುವಂತಿಲ್ಲ, ಎಲ್ಲರೂ ಕಾರಿನಲ್ಲೇ. ಅಲ್ಲಿಯ ಜೋಡಿ ರಸ್ತೆಯಲ್ಲಿ ಬರೀ ಕಾರು ಗಂಟೆಗೆ 70 ಮೈಲಿ ಹೋಗಬಹುದು. ಕ್ಯಾರವಾನ್ ಎಳೆಯುವ ಕಾರಿಗೆ 60 ಮಾತ್ರ. ಮಗ 50ರಲ್ಲೇ ಹೋಗುತ್ತಿದ್ದ. ಒಂದು ಗಂಟೆ ಸುಖವಾಗಿ ಕಳೆಯಿತು. ಆಗ ಎತ್ತರದ ಬಸ್ಸೊಂದು ನಮ್ಮನ್ನು ದಾಟಿ ಮುಂದೆ ಹೋಯಿತು. ಅದರ ಗಾಳಿಯ ಹೊಡೆತಕ್ಕೆ ಕ್ಯಾರವಾನ್ ಎಡಕ್ಕೆ ತೂಗಿತು, ಬಲಕ್ಕೆ ತೂಗಿತು, ಮತ್ತೆ ಎಡಕ್ಕೆ, ಮೊದಲಿಗಿಂತ ಜೋರಾಗಿ. ಕಾರಿನ ಬಾಲವನ್ನು ಯಾರೋ ಹಿಡಿದು ಅಲುಗಾಡಿಸಿದಂತಾಯಿತು. ಅಜ್ಜಿ ನನ್ನ ಕೈ ಹಿಡಿದುಕೊಂಡಳು. "ಬ್ರೇಕ್ ಹಾಕೋ!" ಎಂದು ನಾನು ಕೂಗಿದೆ.

ಮಗ ಹಾಕಲಿಲ್ಲ. ಆಕ್ಸಿಲರೇಟರ್‌ನಿಂದ ಕಾಲು ತೆಗೆದ. ಸ್ಟೀರಿಂಗನ್ನು ಅತ್ತಿತ್ತ ತಿರುಗಿಸದೆ ನೇರವಾಗಿ ಹಿಡಿದು ಕೂತ. ವೇಗ ತಾನಾಗಿ ಇಳಿಯಿತು, ತೂಗಾಟವೂ ನಿಂತಿತು. "ಗಾಬರಿಯಲ್ಲಿ ಜೋರಾಗಿ ಬ್ರೇಕ್ ಒತ್ತಿದ್ದರೆ ಮಗುಚುವ ಅಪಾಯವಿತ್ತಪ್ಪ" ಎಂದ. ಅವನ ಹಣೆಯ ಮೇಲೆ ಬೆವರಿತ್ತು.

ಮುಂದಿನ ಪೆಟ್ರೋಲ್ ಬಂಕಿನ ಬಯಲಿನಲ್ಲಿ ನಿಲ್ಲಿಸಿ, ಕೊಂಡಿ ಬಿಚ್ಚಿ, ಮತ್ತೆ ಕೋಲು ಇಟ್ಟು ನೋಡಿದರು. "60! ನಿನ್ನೆ 80 ಇತ್ತಲ್ಲ! ನಾನೇ ತಪ್ಪು ಓದಿದೆನಾ ಅಪ್ಪ?" ಪುಟ್ಟಿಯ ಕಣ್ಣು ತುಂಬಿ ಬಂತು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವೋ ಏನೋ. ಆದರೆ ಆ ಮಗುವಿನ ಮುಖ ನೋಡಿ ಸುಮ್ಮನಿರಲಾಗಲಿಲ್ಲ. "ನೀನು ಸರಿಯಾಗೇ ಓದಿದ್ದೆ ಕಂದ. ತಪ್ಪು ನಂದು" ಎಂದು ಮಂಚದ ಹಲಗೆ ಎತ್ತಿ ತೋರಿಸಿದೆ.

ನನಗೆ ಹೆಚ್ಚು ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ಮಂಡ್ಯದ ಕಡೆಯ ಹಳ್ಳಿಯಲ್ಲಿ ಹುಡುಗನಾಗಿದ್ದಾಗ ನಾನು ಎತ್ತಿನ ಗಾಡಿ ಹೊಡೆದವನು. ಮೂಟೆಗಳನ್ನು ಹಿಂದಕ್ಕೆ ಪೇರಿಸಿದರೆ ಗಾಡಿ ಹಿಂಭಾರವಾಗಿ ಮೂಕಿ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಮುಂದಕ್ಕೆ ಪೇರಿಸಿದರೆ ನೊಗ ಹೆಗಲನ್ನು ಅದುಮುತ್ತದೆ. ಅಚ್ಚಿನ ಮೇಲೆ ಭಾರ ಕೂರಿಸಿ, ನೊಗದ ಮೇಲೆ ಹದವಾಗಿ ಬಿಡಬೇಕು ಎಂದು ನನ್ನ ಅಪ್ಪ ಕಲಿಸಿದ್ದರು. ಇಲ್ಲಿ ಎತ್ತಿನ ಜಾಗದಲ್ಲಿ ಕಾರು, ಅಷ್ಟೇ. ಇದನ್ನೇ ಹೇಳಿದಾಗ ಪುಟ್ಟಿ, "ಹಾಗಾದರೆ ಇದು ಸೀಸಾ ಇದ್ದಂತೆ ಅಜ್ಜ, ಚಕ್ರ ನಡುವೆ!" ಎಂದಳು. ಮಗ ಕ್ಯಾರವಾನಿನ ತೂಕದ ಫಲಕ ನೋಡಿದ. ಒಟ್ಟು ಭಾರ ಮಿತಿಯೊಳಗೇ ಇತ್ತು. ಇಟ್ಟ ಜಾಗವೇ ತಪ್ಪು. ಅಕ್ಕಿಯನ್ನೂ ಗ್ರೈಂಡರನ್ನೂ ಚಕ್ರದ ನೇರಕ್ಕೆ, ನೆಲದ ಮೇಲಿಟ್ಟು ಕಟ್ಟಿದೆವು. ಕೋಲು ಮತ್ತೆ 80 ತೋರಿಸಿತು.

ಥರ್ಸ್ಕ್ ಎಂಬ ಊರಿನ ಬಳಿ ಎಡಕ್ಕೆ ಹೋದರೆ ಸ್ಕಾರ್ಬರೋಗೆ ಹತ್ತಿರ. ಆದರೆ ಆ ದಾರಿಯಲ್ಲಿ ಸಟನ್ ಬ್ಯಾಂಕ್ ಎಂಬ ಘಾಟಿ ಇದೆ. ನಾಲ್ಕು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವಷ್ಟು ಕಡಿದು. ನಮ್ಮ ಆಗುಂಬೆ ಘಾಟಿಯಲ್ಲಿ ಮಳೆಗಾಲಕ್ಕೆ ಭಾರಿ ವಾಹನಗಳನ್ನು ತಡೆಯುವಂತೆ, ಅಲ್ಲಿ ಕ್ಯಾರವಾನ್‌ಗಳಿಗೆ ಪ್ರವೇಶವಿಲ್ಲ. ನಾವು ಯಾರ್ಕ್ ನಗರದ ಕಡೆಯಿಂದ ಸುತ್ತಿ ಹೋದೆವು. ಎಡಗಡೆ ದೂರದ ಗುಡ್ಡದಲ್ಲಿ ದೊಡ್ಡದೊಂದು ಬಿಳಿ ಕುದುರೆ ಕಂಡಿತು. 1857ರಲ್ಲಿ ಒಬ್ಬ ಶಾಲಾ ಮೇಷ್ಟ್ರು ಮಕ್ಕಳನ್ನೂ ಊರವರನ್ನೂ ಕೂಡಿಸಿಕೊಂಡು ಗುಡ್ಡದ ಹುಲ್ಲು ಕೆತ್ತಿ ಮೂಡಿಸಿದ ಕುದುರೆಯಂತೆ! ಪುಟ್ಟಿ ಅದು ಮರೆಯಾಗುವವರೆಗೂ ಕಿಟಕಿ ಬಿಡಲಿಲ್ಲ.

ಸಂಜೆ ಕಡಲ ಗಾಳಿಗೆ ಕೂತು ಅದೇ ಅಕ್ಕಿಯ ಅನ್ನ, ತಿಳಿಸಾರು ಉಂಡೆವು. ನಾಲ್ಕು ದಿನ ಕಳೆದು ವಾಪಸು ಹೊರಡುವ ಬೆಳಿಗ್ಗೆ ಪುಟ್ಟಿ ಪಟ್ಟಿ ಹಿಡಿದು ಬಂದಳು. ಟೈರು, ದೀಪ, ಕನ್ನಡಿ, ತಂತಿ, ಮೂತಿಯ ಭಾರ. ಅದರ ಕೆಳಗೆ ಕನ್ನಡದಲ್ಲಿ ದುಂಡಗೆ ಹೊಸದೊಂದು ಸಾಲು ಬರೆದಿದ್ದಳು: "ಮಂಚದ ಕೆಳಗೆ ಅಜ್ಜ ಏನಿಟ್ಟಿದ್ದಾರೆ?"

ನಾನೇ ಬಗ್ಗಿ, ಹಲಗೆ ಎತ್ತಿ ತೋರಿಸಿದೆ. ಅವಳು ಗುರುತು ಹಾಕಿದ ಮೇಲೆಯೇ ಬಂಡಿ ಹೊರಟಿತು.