ನೆರಿಯದಲ್ಲಿ ಕಲಿತ ಅಳತೆಯ ಪಾಠ



ಒಂದು ವಚನವನ್ನು ಎತ್ತಿಕೊಂಡು ಅದರ ಅರ್ಥಭಾವಗಳನ್ನು ಯಥಾಮತಿ ವಿವರಿಸುವುದು ಈ ಅಂಕಣದ ವಾಡಿಕೆ. ಈ ಬಾರಿ ವ್ಯಾಖ್ಯಾನಕ್ಕೆ ಮೊದಲು ಒಂದು ತಪ್ಪೊಪ್ಪಿಗೆಯನ್ನು ತಮ್ಮ ಮುಂದೆ ನಿವೇದಿಸಿಕೊಳ್ಳಬೇಕಾಗಿದೆ. ಆಯ್ದಕ್ಕಿ ಲಕ್ಕಮ್ಮ ತಾಯಿಯ ಚರಿತೆಯನ್ನು ನಾನು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇನೆ. ಆದರೆ ಅದು ನನಗೇ ತಟ್ಟಿದ್ದು ಬೆಳ್ತಂಗಡಿ ತಾಲ್ಲೂಕಿನ ನೆರಿಯದಲ್ಲಿ, ವಾಹನ ರಿಪೇರಿ ಮಾಡುವ ಒಂದು ತಗಡಿನ ಮಾಡಿನ ಕೆಳಗೆ.

ಶ್ರೀಮಠದ ವಾಹನ ಆಟೋಮ್ಯಾಟಿಕ್ ಗೇರಿನದು. ಭಕ್ತರು ಕೂಡಿ ಸಮರ್ಪಿಸಿದ ಅದು ಆ ಹೊತ್ತಿಗೆ ಒಂದು ಲಕ್ಷ ಹತ್ತು ಸಾವಿರ ಕಿಲೋಮೀಟರ್ ಓಡಿತ್ತು. ವಾಹನದ ಲೆಕ್ಕ ಬರೆಯುವ ಸೇವೆ ನನ್ನ ಪಾಲಿನದು. ಗೇರ್‌ಬಾಕ್ಸಿನ ಎಣ್ಣೆಯನ್ನು ಬದಲಿಸುವುದು ಒಳ್ಳೆಯದೆಂದು ಚಾಲಕರು ಎರಡು ಸಲ ಹೇಳಿದ್ದರು. ಕೈಪಿಡಿಯಲ್ಲಿ ಸಾಮಾನ್ಯ ಬಳಕೆಗೆ ಬದಲಾವಣೆ ಬೇಕಿಲ್ಲವೆಂದು ಬರೆದಿದೆಯೆಂದು ನಾನು ಮುಂದೂಡಿದೆ. ಅದೇ ಪುಟದ ಕೆಳಗೆ ಘಾಟಿ, ಭಾರ, ಬಿಸಿಲಿನ ಓಡಾಟಕ್ಕೆ ಬೇರೆ ನಿಯಮವಿತ್ತು, ಅದನ್ನು ಓದಲಿಲ್ಲ. ಮುಂದೆ ಒಂದು ಪೈಪು ಸೋರಿ ಎಣ್ಣೆ ಕಡಮೆಯಾದಾಗ, ವಾಹನಕ್ಕೆ ವಿಧಿಸಿದ ಎಣ್ಣೆಯ ಬೆಲೆ ಕೇಳಿ ದುಬಾರಿಯೆನಿಸಿತು. ಎಲ್ಲ ಆಟೋಮ್ಯಾಟಿಕ್‌ಗಳಿಗೂ ಸಲ್ಲುತ್ತದೆಂದು ಡಬ್ಬಿಯ ಮೇಲೆ ಬರೆದಿದ್ದ ಅಗ್ಗದ ಎಣ್ಣೆಯನ್ನು ತರಿಸಿ ಹಾಕಿಸಿದೆ. ಅಂದು ಖರ್ಚಿನ ಪುಸ್ತಕದಲ್ಲಿ ‘ಉಳಿತಾಯ’ ಎಂದು ಒಂದು ಸಾಲನ್ನೂ ಬರೆದೆ. ದಾಸೋಹದ ಹಣವನ್ನು ಉಳಿಸಿದೆನೆಂಬ ಹೆಮ್ಮೆ ನನಗಿತ್ತು.

ಕಳೆದ ಕಾರ್ತಿಕದಲ್ಲಿ ಪೂಜ್ಯ ಶ್ರೀಗಳು ನೆರಿಯಕ್ಕೆ ದಯಮಾಡಿಸಿದರು. ಬಯಲುಸೀಮೆಯಿಂದ ಬಂದು ಅಲ್ಲಿ ಶಿಕ್ಷಕರಾಗಿರುವ ನಮ್ಮ ಭಕ್ತರೊಬ್ಬರ ಮನೆಯಲ್ಲಿ ಪಾದಪೂಜೆ. ಇಳಿಯುವಾಗ ಏನೂ ಗೊತ್ತಾಗಲಿಲ್ಲ. ಮರುದಿನ ಕಕ್ಕಿಂಜೆಯಿಂದ ಚಾರ್ಮಾಡಿ ಘಾಟಿಯನ್ನು ಏರತೊಡಗಿದಾಗ ವಾಹನ ನಡುಗಿತು. ಇಂಜಿನ್ನಿನ ಮೊರೆತ ಏರುತ್ತಿದೆ, ಚಕ್ರಗಳು ಮಾತ್ರ ಅದಕ್ಕೆ ತಕ್ಕಂತೆ ತಿರುಗುತ್ತಿಲ್ಲ. ಮಂಜು ಕವಿದ ಒಂದು ತಿರುವಿನಲ್ಲಿ, ಹಿಂದೆ ಲಾರಿಗಳು ನಿಂತಿರಲು, ವಾಹನ ಮುಂದಕ್ಕೆ ಹೋಗದೆ ಹಿಂದಕ್ಕೆ ಒಂದು ಗೇಣು ಜಾರಿತು. ಚಾಲಕರು ಬ್ರೇಕು ಒತ್ತಿ ಹಿಡಿದರು. ಎಪ್ಪತ್ತು ದಾಟಿದ ಗುರುಗಳು ಹಿಂದಿನ ಆಸನದಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ಆ ಒಂದು ನಿಮಿಷವನ್ನು ನೆನೆದರೆ ಇಂದಿಗೂ ಮೈ ಬೆವರುತ್ತದೆ.

ಶ್ರೀಗಳನ್ನು ಭಕ್ತರೊಬ್ಬರ ಕಾರಿನಲ್ಲಿ ಬೀಳ್ಕೊಟ್ಟು, ನಾನೂ ಚಾಲಕರೂ ನೆರಿಯಕ್ಕೆ ಹಿಂದಿರುಗಿದೆವು. ಅಲ್ಲಿನ ಮೇಸ್ತ್ರಿ ರಬ್ಬರ್ ಕೃಷಿಗೆಂದು ಹಿಂದೆ ಕೇರಳದಿಂದ ಬಂದ ಮನೆತನದವರು. ನಾನು ಅವಸರದಿಂದ, “ಯಾವುದಾದರೂ ಕೆಂಪು ಎಣ್ಣೆಯನ್ನು ತುಂಬಿ ಕೊಟ್ಟುಬಿಡಿ, ಊರು ಮುಟ್ಟಿದರೆ ಸಾಕು” ಎಂದೆ. ಅವರು ಹಳೆಯ ಎಣ್ಣೆಯ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು, ಮೂಸಿ ನೋಡಿ ಹೇಳಿದರು: “ಸ್ವಾಮೀ, ಇದರ ಒಳಗೆ ಯಾವ ಯಾವ ಎಣ್ಣೆ ಉಂಟು ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದರ ಮೇಲೆ ಇನ್ನೊಂದು ಗೊತ್ತಿಲ್ಲದ್ದು ಹಾಕ್ಲಿಕ್ಕೆ ನನ್ನಿಂದ ಆಗುದಿಲ್ಲ. ಇದಕ್ಕೆ ಹೇಳಿದ್ದೇ ಮಂಗಳೂರಿಂದ ಬಸ್ಸಿನಲ್ಲಿ ಬರ್ಲಿ. ನೀವು ಎರಡು ದಿನ ನಿಲ್ಲಬೇಕು.”

ಹಾಗೆ ನಿಂತ ದಿನಗಳಲ್ಲಿ ಅವರು ನನಗೆ ಕಲಿಸಿದ್ದು ಬಹಳ. ನೆರಿಯದಲ್ಲಿ ಮಂಗಳೂರು–ಹಾಸನ–ಬೆಂಗಳೂರು ತೈಲ ಕೊಳವೆಮಾರ್ಗದ ಒಂದು ಪಂಪಿಂಗ್ ಕೇಂದ್ರವಿದೆ. ಸುಮಾರು 360 ಕಿಲೋಮೀಟರ್ ಉದ್ದದ ಆ ಕೊಳವೆಯಲ್ಲಿ ಕರಾವಳಿಯಿಂದ ಬಂದ ಪೆಟ್ರೋಲು, ಡೀಸೆಲುಗಳಿಗೆ ಇಲ್ಲಿ ಒತ್ತಡ ಕೊಟ್ಟು ಘಟ್ಟವನ್ನು ಹತ್ತಿಸುತ್ತಾರೆ. ಮೇಸ್ತ್ರಿ ಆ ದಿಕ್ಕಿಗೆ ಕೈ ತೋರಿಸಿ, “ಗೇರ್‌ಬಾಕ್ಸಿನ ಒಳಗೂ ಅಂಥದೇ ಒಂದು ಸಣ್ಣ ಪಂಪ್ ಉಂಟು” ಎಂದರು.

ಆ ಪಂಪು ಒತ್ತುವ ಎಣ್ಣೆಯೇ ಆಟೋಮ್ಯಾಟಿಕ್ ಗೇರಿನ ಜೀವಾಳ. ಟಾರ್ಕ್ ಕನ್ವರ್ಟರಿನಲ್ಲಿ ಇಂಜಿನ್ ಕಡೆಯ ರೆಕ್ಕೆಗಳು ಎಸೆದ ಎಣ್ಣೆ ಎದುರಿನ ರೆಕ್ಕೆಗಳನ್ನು ತಿರುಗಿಸುತ್ತದೆ. ಹೀಗೆ ಇಂಜಿನ್ನಿನ ಬಲ ಗೇರಿಗೆ ಸೇರುವುದು ಎಣ್ಣೆಯ ಮೂಲಕ. ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿದು ಗೇರು ಬದಲಿಸುವುದೂ ಎಣ್ಣೆಯ ಒತ್ತಡವೇ. ಸವೆತ ತಪ್ಪಿಸುವುದು, ಬಿಸಿಯನ್ನು ಹೊತ್ತು ಹೊರಗೆ ಸಾಗಿಸುವುದು ಕೂಡ ಅದರದೇ ಕೆಲಸ. ಇಂಜಿನ್ ಆಯಿಲ್‌ಗಿಂತ ಬೇರೆಯೆಂದು ಗುರುತು ಸಿಗಲೆಂದು ಅದಕ್ಕೆ ಸಾಮಾನ್ಯವಾಗಿ ಕೆಂಪು ಬಣ್ಣ ಬೆರೆಸಿರುತ್ತಾರೆ. ಘಾಟಿಯ ನಿಧಾನ ಏರಿನಲ್ಲಿ ಕನ್ವರ್ಟರಿನೊಳಗೆ ಬಿಸಿ ಹೆಚ್ಚುತ್ತದೆ. ಬಿಸಿ ಹೆಚ್ಚಿದಷ್ಟೂ ಎಣ್ಣೆಯ ಆಯುಸ್ಸು ಕುಗ್ಗುತ್ತದೆ. ಕೆಂಪು ಕಂದಾಗಿ, ಕಂದು ಕಪ್ಪಾಗಿ, ಸುಟ್ಟ ವಾಸನೆ ಬಂದರೆ ಅದರ ಕಾಲ ಮುಗಿಯಿತೆಂದೇ ಅರ್ಥ. ಆದರೆ ಕೆಂಪಾಗಿ ಕಂಡ ಮಾತ್ರಕ್ಕೆ ಒಂದು ಎಣ್ಣೆ ಇನ್ನೊಂದಕ್ಕೆ ಸಮವಲ್ಲ. ಪ್ಲೇಟುಗಳು ಎಷ್ಟು ಜಾರಬೇಕು, ಎಷ್ಟು ಹಿಡಿಯಬೇಕು ಎಂಬುದನ್ನು ಅದರೊಳಗೆ ಬೆರೆಸಿದ ದ್ರವ್ಯಗಳು ನಿರ್ಧರಿಸುತ್ತವೆ. ಸಿ.ವಿ.ಟಿ. ಎಂಬ ಬೆಲ್ಟಿನ ಗೇರಿಗೆ ಬೇರೆಯೇ ಎಣ್ಣೆ. 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮಲ್ಲಿ ಜನಪ್ರಿಯವಾದ ಎ.ಎಂ.ಟಿ.ಯಲ್ಲಿ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ; ಅದಕ್ಕೆ ಗೇರ್ ಆಯಿಲ್ ಸಲ್ಲುತ್ತದೆ. ಆದ್ದರಿಂದ ‘ಆಟೋಮ್ಯಾಟಿಕ್’ ಎಂಬ ಹೆಸರೊಂದನ್ನೇ ನೋಡಿ ಎಣ್ಣೆ ಕೊಳ್ಳಬಾರದು. ಆಯಾ ವಾಹನದ ಕೈಪಿಡಿ ಹೇಳಿದ ಗುರುತನ್ನೇ ನೋಡಬೇಕು. ‘ಜೀವಮಾನವಿಡೀ’ ಎಂಬ ಮಾತನ್ನೂ ವಿವೇಕದಿಂದ ತಿಳಿಯಬೇಕು. ಗೇರ್‌ಬಾಕ್ಸುಗಳನ್ನೇ ತಯಾರಿಸುವ ಜರ್ಮನಿಯ ಜೆಡ್.ಎಫ್. ಸಂಸ್ಥೆ ತನ್ನವುಗಳಿಗೆ 80,000ದಿಂದ 1,20,000 ಕಿಲೋಮೀಟರಿಗೆ ಅಥವಾ ಎಂಟು ವರ್ಷಕ್ಕೆ ಒಮ್ಮೆ ಎಣ್ಣೆ ಬದಲಿಸಲು ಸೂಚಿಸುತ್ತದೆ.

ಆ ಬಿಡುವಿನಲ್ಲಿ ಓದಿ ತಿಳಿದ ಇನ್ನೊಂದು ಸಂಗತಿ ಮನಸ್ಸನ್ನು ಕಲಕಿತು. 1970ರ ದಶಕದ ಆರಂಭದವರೆಗೆ ಅಮೆರಿಕದಲ್ಲಿ ಈ ಎಣ್ಣೆಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. ಆ ಜೀವಿಯ ರಕ್ಷಣೆಗೆ ಕಾನೂನು ಬಂದ ಮೇಲೆ ಬೇರೆ ದ್ರವ್ಯಗಳನ್ನು ಹುಡುಕಿಕೊಂಡರು. ದಯೆಯೇ ಧರ್ಮದ ಮೂಲವೆಂದು ನಂಬಿದ ನಾವು, ಕಾಣದ ಎಣ್ಣೆಯ ಹಿಂದೆಯೂ ಒಂದು ಜೀವವಿದ್ದೀತೆಂದು ಎಂದಾದರೂ ಯೋಚಿಸಿದ್ದೇವೆಯೇ?

ಮೂರನೆಯ ದಿನ ಎಣ್ಣೆ ಬಂತು. ಮೇಸ್ತ್ರಿ ಕೆಳಗಿನ ಚೇಂಬರನ್ನು ಬಿಚ್ಚಿದರು. ಅದರೊಳಗಿನ ಅಯಸ್ಕಾಂತಗಳಿಗೆ ಬೂದುಬಣ್ಣದ ನುಣ್ಣನೆಯ ಪುಡಿ ಮೆತ್ತಿತ್ತು. “ಪುಡಿ ಇದ್ದರೆ ಅಡ್ಡಿಲ್ಲ, ತುಂಡು ಇದ್ದರೆ ಪೂರ್ತಿ ಬಿಚ್ಚಬೇಕಿತ್ತು” ಎಂದರು. ಇಳಿದ ಎಣ್ಣೆಯನ್ನು ಚೆಲ್ಲದೆ ಅಳತೆಯ ಪಾತ್ರೆಗೆ ಹಿಡಿದರು. ಒಮ್ಮೆಗೆ ಎಲ್ಲವೂ ಇಳಿಯುವುದಿಲ್ಲ. ಕನ್ವರ್ಟರಿನಲ್ಲಿಯೂ ಕೊಳವೆಗಳಲ್ಲಿಯೂ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಆದ್ದರಿಂದ ಫಿಲ್ಟರ್ ಬದಲಿಸಿ, ಎಣ್ಣೆ ತುಂಬಿ, ಸ್ವಲ್ಪ ದೂರ ಓಡಿಸಿ, ಮತ್ತೆ ಇಳಿಸಿ, ಹೀಗೆ ಮೂರು ಸಲ ಮಾಡಿದರು. ಕೊನೆಗೆ ಸಮತಟ್ಟು ನೆಲದಲ್ಲಿ ಇಂಜಿನ್ ಚಾಲೂ ಇಟ್ಟು, ಎಣ್ಣೆ ನಿಗದಿತ ಬಿಸಿಗೆ ಬಂದಾಗ ಒಂದು ಸಣ್ಣ ಬಿರಡೆಯನ್ನು ಸಡಿಲಿಸಿದರು. ಹೆಚ್ಚಾದ ಎಣ್ಣೆ ಸಣ್ಣ ಧಾರೆಯಾಗಿ ಹೊರಬಂದು, ಹನಿಹನಿಯಾದಾಗ ಬಿರಡೆಯನ್ನು ಮುಚ್ಚಿದರು.

“ಸ್ವಲ್ಪ ಹೆಚ್ಚೇ ಇರಲಿ ಬಿಡಿ” ಎಂದೆ ನಾನು.

“ಹೆಚ್ಚಾದ್ರೆ ನೊರೆ ಬರ್ತದೆ ಸ್ವಾಮೀ. ನೊರೆ ಒತ್ತಡ ಕೊಡುದಿಲ್ಲ. ಕಮ್ಮಿ ಆದ್ರೂ ಹಾಳು, ಹೆಚ್ಚಾದ್ರೂ ಹಾಳು.”

ಆಗ ನನಗೆ ಲಕ್ಕಮ್ಮ ತಾಯಿ ನೆನಪಾದಳು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯ ಶರಣರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಆಕೆ ಪತಿಯನ್ನು ಹಿಂದಕ್ಕೆ ಕಳುಹಿಸಿದಳು. ಅದನ್ನು ನಾನು ಇಷ್ಟು ದಿನ ಕೇವಲ ಅಪರಿಗ್ರಹದ ದೃಷ್ಟಾಂತವೆಂದು ವಿವರಿಸುತ್ತಿದ್ದೆ. ಕಾಯಕಕ್ಕೆ ತಕ್ಕ ಅಳತೆಯೊಂದಿದೆ. ಅದನ್ನು ಆಸೆಯಿಂದ ಮೀರುವುದೂ ಜಿಪುಣತನದಿಂದ ಕುಗ್ಗಿಸುವುದೂ ಒಂದೇ ದೋಷವೆಂಬ ಅರ್ಥ ಆ ಬಿರಡೆಯ ಮುಂದೆ ಹೊಳೆಯಿತು. ಲಕ್ಕಮ್ಮ ಹೆಚ್ಚನ್ನು ನಿರಾಕರಿಸಿದಳು. ನಾನು ಬೇಕಾದ್ದನ್ನೇ ನಿರಾಕರಿಸಿ, ಅದಕ್ಕೆ ಉಳಿತಾಯವೆಂದು ಹೆಸರಿಟ್ಟಿದ್ದೆ. ಆ ಹೆಸರಿನ ನೆರಳಿನಲ್ಲಿ ಗುರುಗಳ ಪ್ರಾಣವನ್ನು ಘಾಟಿಯ ಅಂಚಿನಲ್ಲಿ ನಿಲ್ಲಿಸಿದ್ದೆ.

ವಾಹನ ಈಗ ಘಾಟಿ ಏರುತ್ತದೆ. ಆದರೆ ಮುಂಜಾನೆಯ ಚಳಿಯಲ್ಲಿ ಎರಡರಿಂದ ಮೂರನೆಯ ಗೇರಿಗೆ ಹೋಗುವಾಗ ಒಂದು ಸಣ್ಣ ಎಳೆತ ಉಳಿದಿದೆ. ಸವೆದ ಪ್ಲೇಟನ್ನು ಹೊಸ ಎಣ್ಣೆ ಮರಳಿ ತರಲಾರದೆಂದು ಮೇಸ್ತ್ರಿ ಮೊದಲೇ ಹೇಳಿದ್ದರು. ಎಣ್ಣೆ, ಫಿಲ್ಟರುಗಳಿಗೆ ರಶೀದಿಯಲ್ಲಿದ್ದಷ್ಟು, ಕೂಲಿ ತಮ್ಮ ಎಂದಿನಷ್ಟು. ಅದಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚಿಗೆ ಅವರು ಮುಟ್ಟಲಿಲ್ಲ. ವಚನಗಳನ್ನು ಓದದ ಆ ಕೈಗಳಲ್ಲಿ ಕಾಯಕವಿತ್ತು.

ಮಠಕ್ಕೆ ಬಂದು ಶ್ರೀಗಳ ಮುಂದೆ ಎಲ್ಲವನ್ನೂ ಒಪ್ಪಿಕೊಂಡು, “ಬುದ್ಧೀ, ಆ ಉಳಿತಾಯದ ಸಾಲನ್ನು ಹೊಡೆದುಹಾಕಲೇ?” ಎಂದು ಕೇಳಿದೆ. ಶ್ರೀಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೇಡಪ್ಪಾ, ಅದು ಹಾಗೇ ಇರಲಿ. ಅದರ ಕೆಳಗೆ ನಡೆದದ್ದನ್ನು ಬರೆ. ಹಣ ಕೊಟ್ಟ ಭಕ್ತರಿಗೂ ತಿಳಿಸು” ಎಂದು ಅಪ್ಪಣೆ ಕೊಡಿಸಿದರು.

ಆ ಅಪ್ಪಣೆಯಂತೆ ಇದನ್ನು ಬರೆದಿದ್ದೇನೆ. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಸದ್ಭಕ್ತರಲ್ಲಿ ಪ್ರಾರ್ಥಿಸುತ್ತೇನೆ.