ಜಾತಿಮದ ಮತ್ತು ಕ್ರೈಸ್ತ ಸಮಾಜದ ಆತ್ಮಾವಲೋಕನ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನವನ್ನು ಮಲಿನಗೊಳಿಸುವ ಎಂಟು ಮದಗಳನ್ನು ಹೇಳಿದ್ದಾರೆ. ಜ್ಞಾನ, ಪೂಜೆ, ಕುಲ, ಜಾತಿ, ಬಲ, ಐಶ್ವರ್ಯ, ತಪಸ್ಸು, ಶರೀರ ಇವುಗಳ ಗರ್ವವೇ ಆ ಎಂಟು. ಇವುಗಳಲ್ಲಿ ಕುಲ ಮತ್ತು ಜಾತಿ ಯಾರೂ ದುಡಿದು ಸಂಪಾದಿಸಿದವಲ್ಲ. ಹಾಗಿದ್ದೂ ಇವುಗಳ ಗರ್ವವೇ ಎಲ್ಲಕ್ಕಿಂತ ತಡವಾಗಿ ಕಳಚುತ್ತದೆ. ಮತ ಬದಲಾದರೂ ಈ ಮದ ಹೇಗೆ ಉಳಿಯುತ್ತದೆ, ಅದನ್ನು ಕಳೆಯಲು ಯಾವ ಯತ್ನ ಬೇಕು ಎಂಬುದನ್ನು ತಿಳಿಯಲು ಮೈಸೂರು ಸೀಮೆಯ ಮತ್ತು ನೆರೆನಾಡಿನ ಕ್ರೈಸ್ತ ಸಮಾಜದ ಇತಿಹಾಸ ಸಹಾಯಕವಾಗಿದೆ.

ದೇವರ ಮುಂದೆ ಸಕಲ ಮಾನವರೂ ಸಮಾನರೆಂಬುದು ಕ್ರಿಸ್ತಮತದ ಬೋಧೆ. ಆದರೆ 17ನೆಯ ಶತಮಾನದಲ್ಲಿ ಮಧುರೆಗೆ ಬಂದ ಯೇಸುಸಭೆಯ ಪಾದ್ರಿಗಳು ಈ ನೆಲದ ಜಾತಿಪದ್ಧತಿಯೊಡನೆ ರಾಜಿ ಮಾಡಿಕೊಂಡರು. ಕೆಲವರು ಬ್ರಾಹ್ಮಣ ಸನ್ಯಾಸಿಗಳಂತೆ ಕಾವಿಯುಟ್ಟು ಮೇಲ್ಜಾತಿಯವರಿಗೆ ಗುರುಗಳಾದರು. ಕೆಳಗಿನ ಜಾತಿಗಳಿಗೆ ಪಂಡಾರಸ್ವಾಮಿಗಳೆಂಬ ಬೇರೆ ಗುರುಗಳು ಏರ್ಪಟ್ಟರು. ಮೈಸೂರು ಮಿಷನ್ನಿನ ಪಾದ್ರಿಗಳೂ ಸನ್ಯಾಸಿವೇಷವನ್ನೇ ಧರಿಸಿದರು. ಅಸ್ಪೃಶ್ಯರೆನಿಸಿದವರ ಮನೆಗೆ ಹೋಗಿ ಮರಣಶಯ್ಯೆಯಲ್ಲಿದ್ದವರಿಗೆ ಸಂಸ್ಕಾರ ನೀಡುವುದೂ ವಿವಾದದ ವಿಷಯವಾಯಿತು. ಕೊನೆಗೆ 1744ರಲ್ಲಿ ಪೋಪ್ 14ನೆಯ ಬೆನೆಡಿಕ್ಟರು, ಅಂಥ ಮನೆಗಳಿಗೂ ಪಾದ್ರಿಗಳು ಹೋಗಲೇಬೇಕೆಂದು ವಿಧಿಸಬೇಕಾಯಿತು.

ಶ್ರೀರಂಗಪಟ್ಟಣದ ಸುತ್ತಮುತ್ತ ಬಹುಕಾಲ ನೆಲೆಸಿ, ದೊಡ್ಡಸ್ವಾಮಿಯವರೆಂದು ಜನರಿಂದ ಕರೆಸಿಕೊಂಡ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿಯ ಚರಿತ್ರೆ ಇನ್ನೊಂದು ನಿದರ್ಶನ. ಅವರು ಈ ನಾಡಿನವರಂತೆ ಉಟ್ಟು ಉಂಡರು. ಸಿಡುಬು ತಡೆಯಲು ಸಾವಿರಾರು ಜನರಿಗೆ ದೇವಿ ಹಾಕಿಸಿದರು. ಇಷ್ಟು ಕರುಣೆಯಿದ್ದ ಆ ವಿದ್ವಾಂಸರೂ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಜಾತಿವ್ಯವಸ್ಥೆಯನ್ನು ಹಿಂದೂ ಶಾಸನಕಾರರ ಶ್ರೇಷ್ಠ ಸಾಧನೆಯೆಂಬಂತೆ ಹೊಗಳಿದರು. ಕರುಣೆ ಬೇರೆ, ಸಮತ್ವದೃಷ್ಟಿ ಬೇರೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ದಾನಶೀಲರಾದ ಶ್ರಾವಕರು ಇದನ್ನು ವಿಶೇಷವಾಗಿ ಗಮನಿಸಬೇಕು.

ಪ್ರಾಟೆಸ್ಟೆಂಟರ ಮಾರ್ಗ ಬೇರೆಯಾಗಿತ್ತು. ಸಭೆಯೊಳಗೆ ಜಾತಿಯನ್ನು ಕೂಡಲೇ ತ್ಯಜಿಸಬೇಕೆಂದು ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಆಜ್ಞೆ ಮಾಡಿದರು. ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನಿನವರು ಶಾಲೆಗಳನ್ನೂ ಮುದ್ರಣಾಲಯವನ್ನೂ ನಡೆಸಿದರು. 1906ರಲ್ಲಿ ಆರಂಭವಾದ ಅವರ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇಂದಿಗೂ ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಆದರೂ ಆಜ್ಞೆಯಿಂದ ಜಾತಿ ಅಳಿಯಲಿಲ್ಲ. ವಿವಾಹಸಂಬಂಧದಲ್ಲಿ, ಸ್ಮಶಾನಭೂಮಿಯಲ್ಲಿ, ಸಭೆಯ ಅಧಿಕಾರಸ್ಥಾನಗಳಲ್ಲಿ ಅದು ದಕ್ಷಿಣ ಭಾರತದ ಅನೇಕ ಕಡೆ ಉಳಿದುಕೊಂಡಿತು.

ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂ ಗ್ರಾಮದಲ್ಲಿ ಒಂದು ಇಗರ್ಜಿಯನ್ನೇ ಎರಡು ಅಂಕಣಗಳಾಗಿ ಕಟ್ಟಲಾಗಿತ್ತು. ಬಲಿಪೀಠ ಒಂದೇ, ಭಕ್ತರು ಮಾತ್ರ ಜಾತಿಗನುಸಾರ ಬೇರೆ ಬೇರೆ. 1910ರಲ್ಲಿ ಅಲ್ಲಿಯ ಪಾದ್ರಿಗಳೇ ನಡುವಣ ತಡೆಯನ್ನು ಕೆಡವಿಸಿದರು. ಮೇಲ್ಜಾತಿಯವರು ನ್ಯಾಯಾಲಯದ ಮೆಟ್ಟಿಲೇರಿದರು. ಮದರಾಸು ಹೈಕೋರ್ಟು ಅವರ ಹಕ್ಕನ್ನು ಮನ್ನಿಸಲಿಲ್ಲ.

ಮೈಸೂರಿನ ಸಂತ ಫಿಲೋಮಿನಾ ಇಗರ್ಜಿಗೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದ ಕಾಲಕ್ಕೆ, ದೇವರ ಮನೆಯಲ್ಲಿ ಗೋಡೆ ಸಲ್ಲದೆಂಬ ಮಾತು ಹೀಗೆ ಒಮ್ಮೆ ಇತ್ಯರ್ಥವಾಗಿತ್ತು. ಆದರೆ ಕಾನೂನಿನ ತೊಡಕು ಮುಂದೆ ಬಂದಿತು. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮಿತಗೊಳಿಸಿತು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಮದರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬವರು, ಇತರ ಚಮ್ಮಾರರಿಗೆ ಉಚಿತವಾಗಿ ಕೊಟ್ಟ ಪೆಟ್ಟಿಗೆಯಂಗಡಿ ತಮಗೇಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. ಮತಾಂತರದ ಅನಂತರವೂ ಜಾತಿಯ ಬಾಧೆ ಅಷ್ಟೇ ತೀವ್ರವಾಗಿದೆಯೆಂದು ಸಿದ್ಧಪಡಿಸಬೇಕೆಂದು ಹೇಳಿ ನ್ಯಾಯಾಲಯ 1985ರಲ್ಲಿ ಅವರ ಅರ್ಜಿಯನ್ನು ತಳ್ಳಿಹಾಕಿತು. ಸಮಾಜದ ಲೆಕ್ಕದಲ್ಲಿ ಅವರು ಚಮ್ಮಾರರು. ಸರ್ಕಾರದ ಲೆಕ್ಕದಲ್ಲಿ ಕೇವಲ ಕ್ರೈಸ್ತರು. ಈ ಪ್ರಶ್ನೆಯ ಪರಿಶೀಲನೆಗೆ 2022ರಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಆಯೋಗ ನೇಮಕವಾಯಿತು.

ಬಾಧೆಯಿದೆಯೆಂದು ಸಿದ್ಧಪಡಿಸಬೇಕಾದರೆ, ಅದು ತಮ್ಮೊಳಗೇ ಇದೆಯೆಂದು ಸಭೆ ಮೊದಲು ಒಪ್ಪಬೇಕು. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತರ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿ, ಸಭೆಯೊಳಗೆ ಅಸ್ಪೃಶ್ಯತೆ ಇದೆಯೆಂದು ಬಹಿರಂಗವಾಗಿ ಒಪ್ಪಿತು. 1 ಕೋಟಿ 90 ಲಕ್ಷ ಕಥೋಲಿಕರಲ್ಲಿ 1 ಕೋಟಿ 20 ಲಕ್ಷ ಮಂದಿ ದಲಿತರೆಂದು ಅದೇ ಪತ್ರ ಹೇಳಿತು. 2022ರಲ್ಲಿ ಹೈದರಾಬಾದಿನ ಆರ್ಚ್‌ಬಿಷಪ್ ಆಂತೋನಿ ಪೂಲ ಅವರು ದಲಿತ ಸಮುದಾಯದಿಂದ ಬಂದ ಮೊದಲ ಕಾರ್ಡಿನಲ್ ಆದರು. ಅಮೆರಿಕೆಯಲ್ಲಿಯೂ ಇಂಥದೇ ನಡೆದಿದೆ. ಗುಲಾಮಗಿರಿಯ ಪ್ರಶ್ನೆಯ ಮೇಲೆ ಒಡೆದು 1845ರಲ್ಲಿ ಹುಟ್ಟಿದ ಸದರ್ನ್ ಬ್ಯಾಪ್ಟಿಸ್ಟ್ ಸಂಘ, ಕರಿಯರಿಗೆ ಮಾಡಿದ ಅನ್ಯಾಯಕ್ಕಾಗಿ ಕ್ಷಮೆ ಕೇಳಿದ್ದು 150 ವರ್ಷಗಳ ಮೇಲೆ, 1995ರಲ್ಲಿ. ಮಾರ್ಟಿನ್ ಲೂಥರ್ ಕಿಂಗರು 1963ರಲ್ಲಿ ಬರ್ಮಿಂಗ್‌ಹ್ಯಾಮಿನ ಸೆರೆಮನೆಯಿಂದ ಬರೆದ ಪತ್ರವೂ ತಾಳ್ಮೆಯ ಉಪದೇಶ ಮಾಡಿದ ಬಿಳಿಯ ಧರ್ಮಗುರುಗಳನ್ನೇ ಉದ್ದೇಶಿಸಿತ್ತು.

ಪರಮತದ ದೋಷವನ್ನು ಎಣಿಸಿ ಸುಮ್ಮನಾಗುವುದು ಸ್ವಾಧ್ಯಾಯವಲ್ಲ. ಚಾಂಡಾಲಕುಲದಲ್ಲಿ ಹುಟ್ಟಿದವನೂ ಸಮ್ಯಗ್ದರ್ಶನವಿದ್ದರೆ ದೇವಸಮಾನನೆಂದು ಸಮಂತಭದ್ರರು ಹೇಳಿದರು. ಮನುಷ್ಯರೆಲ್ಲರದೂ ಒಂದೇ ಜಾತಿಯೆಂದು ಪಂಪಕವಿ ಆದಿಪುರಾಣದಲ್ಲಿ ಸಾರಿದನು. ಹೀಗಿದ್ದೂ ಮುಂಬಯಿ ಪ್ರಾಂತದ 1947ರ ಹರಿಜನ ದೇವಾಲಯ ಪ್ರವೇಶ ಶಾಸನ ಜಿನಾಲಯಗಳಿಗೆ ಅನ್ವಯಿಸದೆಂದು ಜೈನರು ವಾದಿಸಿದರು. ಪೂಜ್ಯ ಆಚಾರ್ಯ ಶಾಂತಿಸಾಗರ ಮಹಾರಾಜರು ಆ ಪ್ರಶ್ನೆ ಇತ್ಯರ್ಥವಾಗುವವರೆಗೆ ಅನ್ನವನ್ನೇ ತ್ಯಜಿಸಿದರು. 1951ರಲ್ಲಿ ಮುಂಬಯಿ ಹೈಕೋರ್ಟಿನ ತೀರ್ಪು ಜೈನರ ಪರವಾಗಿ ಬಂದಿತು. ಜೈನಧರ್ಮದ ಸ್ವತಂತ್ರ ಅಸ್ತಿತ್ವದ ರಕ್ಷಣೆಯೇ ಅಲ್ಲಿಯ ಮುಖ್ಯ ಆಶಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನ್ಯಾಯಾಲಯ ನಿರ್ಣಯಿಸಿದ್ದು ಶಾಸನದ ವ್ಯಾಪ್ತಿಯನ್ನು ಮಾತ್ರ. ಬಸದಿಯ ಬಾಗಿಲಲ್ಲಿ ನಿಂತ ಭವ್ಯಜೀವಿಯ ಕುಲವನ್ನು ಕೇಳುವುದು ಸಮ್ಯಕ್ತ್ವಕ್ಕೆ ಒಪ್ಪುವುದೇ ಎಂಬುದನ್ನು ಶ್ರಾವಕನೇ ನಿರ್ಣಯಿಸಬೇಕು.

ಮಂಡಿಗಳಲ್ಲಿ ಹಮಾಲಿಗಳಿಗೆಂದು ಬೇರೆ ಲೋಟ ಇಡುತ್ತಿದ್ದ ಕಾಲವನ್ನು ವ್ಯಾಪಾರಸ್ಥರಲ್ಲಿ ಹಿರಿಯರು ಬಲ್ಲರು. ಮೂಟೆ ಹೊತ್ತವನು ಮುಟ್ಟಿದ ಅಕ್ಕಿ ಶುದ್ಧ, ಅವನು ಮುಟ್ಟಿದ ಲೋಟ ಅಶುದ್ಧ ಎಂಬ ಆ ನಡವಳಿಕೆಗೆ ಯಾವ ಆಗಮದಲ್ಲಿಯೂ ಆಧಾರವಿಲ್ಲ. ಪ್ರತಿಕ್ರಮಣದಲ್ಲಿ ಸೂಕ್ಷ್ಮಜೀವಿಗಳ ಹಿಂಸೆಯನ್ನೂ ನೆನೆದು ಪಶ್ಚಾತ್ತಾಪಪಡುವ ಧರ್ಮ ಜೈನಧರ್ಮ. ಪಂಚೇಂದ್ರಿಯಜೀವಿಯಾದ ಮನುಷ್ಯನಿಗೆ ಮಾಡಿದ ಅವಮಾನ ಆ ಎಣಿಕೆಯಲ್ಲಿ ಬಿಟ್ಟುಹೋಗಬಾರದು. ಬಸದಿಗಳ ಆಡಳಿತ ಸಮಿತಿಗಳೂ ಸಮಾಜದ ಸಂಸ್ಥೆಗಳೂ ವರ್ಷಕ್ಕೊಮ್ಮೆ ಹಣದ ಲೆಕ್ಕ ಒಪ್ಪಿಸುವಂತೆ, ತಮ್ಮ ದಾಸೋಹದ ಪಂಕ್ತಿಯಲ್ಲಿ, ನೌಕರರ ನಡುವೆ, ವಿದ್ಯಾರ್ಥಿವೇತನದ ಹಂಚಿಕೆಯಲ್ಲಿ ಯಾರನ್ನು ಹೊರಗಿಟ್ಟಿದ್ದೇವೆಂಬ ಲೆಕ್ಕವನ್ನೂ ದಶಲಕ್ಷಣ ಪರ್ವದ ದಿನಗಳಲ್ಲಿ ಸಭೆಯ ಮುಂದಿಡುವುದು ಉಚಿತ. ಕ್ಷಮಾವಣಿಯ ದಿನ ಬಂಧುಮಿತ್ರರಲ್ಲಿ ಕೇಳುವ ಕ್ಷಮೆ ಅವರವರೆಗೂ ಮುಟ್ಟಿದರೆ ಆ ಪರ್ವಾಚರಣೆ ಸಾರ್ಥಕವಾಗುತ್ತದೆ.